ಅಜ್ಜಿಗೆ ಓದಿ ಹೇಳಿದ ಪುಸ್ತಕ

ಇಲ್ಲಿಯವರೆಗೆ ನಮ್ಮ ಮನೆಯವರೆಲ್ಲರ ಹುಳುಕನ್ನೂ ಬರೆದಿದ್ದೇನೆ. ಅಪ್ಪನ ಮುಂಗೋಪ, ಅಮ್ಮನ ಕೈಬಿಗಿತ, ಅಜ್ಜಿಯ ಹಟ, ಒಂದನ್ನೂ ಬಿಟ್ಟಿಲ್ಲ. ನನ್ನದನ್ನು ಮಾತ್ರ ನಾಳೆ ಬರೆದರಾಯಿತು ಎಂದು ಮುಂದಕ್ಕೆ ಹಾಕುತ್ತಾ ಬಂದೆ. ಇದನ್ನೂ ಬರೆಯದೆ ಹೋದರೆ ಉಳಿದದ್ದೆಲ್ಲ ಬರೀ ಚಾಡಿಯಾಗುತ್ತದೆ. ನನಗೆ ಆಗ ಹನ್ನೊಂದು ವರ್ಷ. ಎಲ್ಲೋ ದೂರದಲ್ಲಿ ಯುದ್ಧ ನಡೆಯುತ್ತಿತ್ತು, ಕೋಲಾರದ ಅಂಗಡಿಗಳಲ್ಲಿ ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಕೆಮ್ಮುತ್ತಾ ಓಡುತ್ತಿದ್ದವು. ನಮ್ಮ ಮನೆಯೊಳಗೆ ನಡೆಯುತ್ತಿದ್ದ ಯುದ್ಧದ ಮುಂದೆ ಅದು ನನಗೆ ದೊಡ್ಡದಾಗಿ ಕಾಣಿಸುತ್ತಿರಲಿಲ್ಲ.

ಮಿಷನ್ ಕಾಂಪೌಂಡಿನ ಹಿಂದಿನ ಸಾಲಿನಲ್ಲಿ ನಮ್ಮ ಮನೆ. ನಾಡಹೆಂಚಿನ ಮಾಡು, ಮುಂದೆ ಒಂದು ಜಗಲಿ, ಆಮೇಲೆ ಉದ್ದನೆಯ ಹಜಾರ, ಅದರ ಹಿಂದೆ ಹೊಗೆ ಹಿಡಿದ ಅಡುಗೆಮನೆ, ಹಿತ್ತಲಿನಲ್ಲಿ ಸೇದುವ ಬಾವಿ, ಒಂದು ನುಗ್ಗೆಮರ. ಹಿತ್ತಲಿನಲ್ಲಿ ನಿಂತರೆ ಅಂತರಗಂಗೆ ಬೆಟ್ಟದ ಬಂಡೆಗಳು ಕಾಣಿಸುತ್ತಿದ್ದವು. ಅಪ್ಪ ಮಿಷನ್ ಸ್ಕೂಲಿನಲ್ಲಿ ಮೇಷ್ಟ್ರು. ಆ ಪುಟ್ಟ ಮನೆಯಲ್ಲಿ ಎರಡು ಬೈಬಲ್ ಇದ್ದವು, ಎರಡೂ ಕನ್ನಡದವೇ, ಆದರೆ ಒಂದು ಹಳೆಯ ತರ್ಜುಮೆ, ಒಂದು ಹೊಸದು. ಹಳೆಯದು ಅಜ್ಜಿಯದು. ಕಪ್ಪು ಚರ್ಮದ ರಟ್ಟು, ಅಂಚು ಹರಿದ ಹಾಳೆಗಳು, ಹುಳು ಹತ್ತದಿರಲೆಂದು ನಡುವೆ ಒಣಗಿಸಿ ಇಟ್ಟ ಬೇವಿನೆಲೆ. ಅದಕ್ಕೆ ಬಿಳಿ ಬಟ್ಟೆ ಸುತ್ತಿ ಕಬ್ಬಿಣದ ಪೆಟ್ಟಿಗೆಯ ಮೇಲೆ ಇಟ್ಟಿರುತ್ತಿದ್ದಳು. ಹೊಸದು ಅಪ್ಪನದು. ಅದನ್ನು ಅವನು ಹಜಾರದ ಮೇಜಿನ ಮೇಲೆ, ತಿದ್ದಬೇಕಾದ ನೋಟ್‌ಬುಕ್ಕುಗಳ ಪಕ್ಕದಲ್ಲಿ ಇಟ್ಟುಕೊಂಡಿದ್ದ.

ಅಜ್ಜಿ ಸಾರಮ್ಮ ಮುಳಬಾಗಿಲಿನ ಕಡೆಯವಳು, ಮನೆಮಾತು ತೆಲುಗು. ಬರಗಾಲದಲ್ಲಿ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡು ಮಿಷನ್ನಿನ ಅನಾಥಾಲಯದಲ್ಲಿ ಬೆಳೆದಳು. ಅವಳು ಕನ್ನಡ ಓದಲು ಕಲಿತದ್ದು ಆ ಹಳೆಯ ಪುಸ್ತಕದಿಂದಲೇ. ಹಾಗಾಗಿ ಅವಳಲ್ಲಿ ಎರಡು ಕನ್ನಡ ಇತ್ತು: ಅಡುಗೆಮನೆಯಲ್ಲಿ ತೆಲುಗು ಬೆರೆತ ಜಗಳದ ಕನ್ನಡ, ಪ್ರಾರ್ಥನೆಗೆ ಮೊಣಕಾಲೂರಿದಾಗ ಆ ಪುಸ್ತಕದ ಭಾರವಾದ ಕನ್ನಡ. ಮುಂದೆ ಅವಳು ಬೈಬಲ್ ಹೆಂಗಸಾಗಿ ಮೂವತ್ತು ವರ್ಷ ಊರೂರು ನಡೆದಳು. ಕ್ಯಾಲನೂರು, ವೇಮಗಲ್ ಕಡೆಯ ಹಳ್ಳಿಗಳಲ್ಲಿ ಬಾಗಿಲಿಂದ ಬಾಗಿಲಿಗೆ ಹೋಗಿ, ರಾಗಿ ಬೀಸುತ್ತಿದ್ದ ಹೆಂಗಸರ ಪಕ್ಕದಲ್ಲಿ ಕೂತು ಓದಿ ಹೇಳುತ್ತಿದ್ದಳು. ಅವರು ಅವಳನ್ನು ಪುಸ್ತಕದಮ್ಮ ಎನ್ನುತ್ತಿದ್ದರು. ಹೆಚ್ಚಿನವರು ಕ್ರೈಸ್ತರಾಗಲಿಲ್ಲ, ಆದರೆ ಅವಳಿಂದ ಆ ಪುಸ್ತಕದ ಒಂದೆರಡು ಕೀರ್ತನೆ ಬಾಯಿಪಾಠ ಕಲಿತು ತಮ್ಮ ದೇವರ ಪಟದ ಮುಂದೆಯೇ ಹೇಳಿಕೊಳ್ಳುತ್ತಿದ್ದರು. ಅಜ್ಜಿ ಅದಕ್ಕೆ ತಕರಾರು ಮಾಡಿದವಳಲ್ಲ. ನಾನು ಹುಟ್ಟುವ ಹೊತ್ತಿಗೆ ಅವಳ ಕಣ್ಣು ಹೋಗಿತ್ತು. ಆಸ್ಪತ್ರೆಯ ಡಾಕ್ಟರಮ್ಮ ನೋಡಿ, ಇದು ಪೊರೆಯಲ್ಲ, ತೆಗೆಯಲು ಬರುವುದಿಲ್ಲ ಎಂದಿದ್ದರಂತೆ. ಅಜ್ಜಿ ಅದನ್ನು ದೊಡ್ಡದು ಮಾಡಲಿಲ್ಲ. ಪುಸ್ತಕ ತಲೆಯಲ್ಲಿತ್ತು. ಅಡುಗೆಮನೆಯ ಬಾಗಿಲಿಂದ ಬಾವಿಗೆ ಎಷ್ಟು ಹೆಜ್ಜೆ, ಉಪ್ಪಿನ ಕುಡಿಕೆ ಯಾವ ಕಡೆ, ಎಲ್ಲವೂ ತಲೆಯಲ್ಲಿತ್ತು. ಬಾವಿಗೆ ಹೋಗುವಾಗ ಅವಳು ಗೋಡೆ ಮುಟ್ಟುತ್ತಿರಲಿಲ್ಲ.

ಹೊಸ ಪುಸ್ತಕ ಬಂದದ್ದೇ ತಡ, ಮನೆ ಎರಡಾಯಿತು. ನಮ್ಮ ಸಭೆಯಲ್ಲಿಯೂ ಸ್ಕೂಲಿನಲ್ಲಿಯೂ ಇನ್ನು ಮುಂದೆ ಹೊಸದನ್ನೇ ಓದಬೇಕೆಂದು ಪಾದ್ರಿಯವರು ಹೇಳಿದ್ದರು. ಅಪ್ಪ ಮನೆಯ ಸಂಜೆ ಪ್ರಾರ್ಥನೆಗೂ ಅದನ್ನೇ ತೆಗೆದ. ಮೊದಲನೆಯ ದಿನ ಎರಡು ವಾಕ್ಯ ಓದುವಷ್ಟರಲ್ಲಿ ಅಜ್ಜಿ ಕೈ ಎತ್ತಿದಳು.

“ಅದ್ಯಾವ ಪುಸ್ತಕಾನೋ ಅದು?”

“ಇದೂ ದೇವರ ವಾಕ್ಯಾನೇ ಅವ್ವಾ. ಮೂಲಭಾಷೆ ಓದ್ಕೊಂಡಿರೋರು ವರ್ಷಗಟ್ಟಲೆ ಕೂತು ತಿದ್ದಿದಾರೆ. ಹಳೇದ್ರಲ್ಲಿ ಎಷ್ಟೋ ಕಡೆ ತಪ್ಪಿತ್ತು.”

“ತಪ್ಪಿತ್ತಾ? ನಿಂಗೆ ದೀಕ್ಷಾಸ್ನಾನ ಕೊಟ್ಟಾಗ ಓದಿದ್ದು ಅದೇ ಪುಸ್ತಕ. ನಿಮ್ಮಪ್ಪನ್ನ ಮಣ್ಣು ಮಾಡ್ದಾಗ ಓದಿದ್ದೂ ಅದೇ. ಹಂಗಾದ್ರೆ ನೀನು ಕ್ರೈಸ್ತನೂ ಅಲ್ಲ, ಅವರು ಪರಲೋಕಕ್ಕೆ ಹೋಗೂ ಇಲ್ಲ, ಅಷ್ಟೇನಾ?”

“ನಾನು ಹೇಳಿದ್ದು ಹಂಗಲ್ಲ.”

“ಮತ್ತೆ ಹೆಂಗೆ? ದೇವರು ಒಂದ್ಸಲ ಮಾತಾಡಿದ್ ಮೇಲೆ ತಿದ್ದೋಕೆ ಇವರ‍್ಯಾರೋ? ಅವನೇನು ನಿನ್ನ ನಾಲ್ಕನೇ ಕ್ಲಾಸಿನ ಹುಡುಗನಾ?”

ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, “ತಿದ್ದೋದು ಆಮೇಲೆ ತಿದ್ಕೊಳ್ಳಿ. ಮುದ್ದೆ ಆರೋಗ್ತಿದೆ” ಎಂದಳು. ಅವತ್ತು ಹುರುಳಿಕಾಳಿನ ಬಸ್ಸಾರು. ಅಜ್ಜಿ ಊಟಕ್ಕೆ ಏಳಲಿಲ್ಲ. ಮರುದಿನವೂ ಏಳಲಿಲ್ಲ. ಮೂರನೆಯ ದಿನ ಅಪ್ಪನೇ ಸೋತು ಒಂದು ಒಪ್ಪಂದಕ್ಕೆ ಬಂದ. ಸಂಜೆ ಪ್ರಾರ್ಥನೆಯಲ್ಲಿ ಹೊಸ ಪುಸ್ತಕ ಓದುವಷ್ಟು ಹೊತ್ತು ಅಜ್ಜಿ ಹಿತ್ತಲಿನಲ್ಲಿರಬಹುದು. ಚರ್ಚಿನಲ್ಲೂ ಪಾಠ ಓದುವಾಗ ಎದ್ದು ಹೊರಗೆ ಹೋಗಿ, ಪಾದ್ರಿಯವರ ಪ್ರಸಂಗಕ್ಕೆ ಒಳಗೆ ಬರಬಹುದು. ಅದಕ್ಕೆ ಬದಲಾಗಿ ದಿನಾ ನಾಲ್ಕು ಗಂಟೆಗೆ, ಸ್ಕೂಲು ಬಿಟ್ಟ ಮೇಲೆ, ನಾನು ಜಗಲಿಯಲ್ಲಿ ಕೂತು ಅವಳಿಗೆ ಹಳೆಯ ಪುಸ್ತಕ ಓದಿ ಹೇಳಬೇಕು. ಈ ಒಪ್ಪಂದ ಮಾಡುವಾಗ ನನ್ನನ್ನು ಯಾರೂ ಕೇಳಲಿಲ್ಲ.

ಓದುವುದಕ್ಕೆ ಒಂದು ಕ್ರಮವಿತ್ತು. ನಾನು ಪುಸ್ತಕದ ಬಟ್ಟೆ ಬಿಚ್ಚಿ ಅಜ್ಜಿಯ ಕೈಗೆ ಕೊಡಬೇಕು. ಅವಳು ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಬೇವಿನೆಲೆಯ ವಾಸನೆ ಎಳೆದುಕೊಂಡು, ನನ್ನ ಕೈಗೆ ವಾಪಸು ಕೊಡುತ್ತಿದ್ದಳು. ಆಮೇಲೆ ನಾನು ಓದಬೇಕು, ಅವಳು ನನಗಿಂತ ಅರ್ಧ ಮಾತು ಮುಂದೆ ತುಟಿ ಅಲ್ಲಾಡಿಸುತ್ತಿರಬೇಕು. ನಾನು ಎಲ್ಲಿ ಎಡವಿದರೂ ಅಲ್ಲೇ ಹಿಡಿಯುತ್ತಿದ್ದಳು. ಎದುರಿಗಿನ ಬಯಲಿನಲ್ಲಿ ಕಾಂಪೌಂಡಿನ ಹುಡುಗಿಯರೆಲ್ಲ ಕುಂಟೆಬಿಲ್ಲೆ ಆಡುತ್ತಿದ್ದರು. ಹಳೆಯ ಪುಸ್ತಕದ ವಾಕ್ಯಗಳೋ ಮಾರುದ್ದ, ಅಚ್ಚಿನ ಅಕ್ಷರಗಳೋ ಒಂದರ ಮೇಲೊಂದು. ಓದುತ್ತಾ ಓದುತ್ತಾ ನನಗೆ ಅಳುವೇ ಬರುತ್ತಿತ್ತು.

ಆ ವರ್ಷ ಸ್ಕೂಲಿನಲ್ಲಿ ಬೈಬಲ್ ಬಾಯಿಪಾಠದ ಸ್ಪರ್ಧೆ ಇಟ್ಟರು. ಹೊಸ ಪುಸ್ತಕದಿಂದ ಹನ್ನೆರಡು ಕೀರ್ತನೆಗಳು. ಮೊದಲನೆಯ ಬಹುಮಾನ ಒಂದು ಹೊಲಿಗೆ ಪೆಟ್ಟಿಗೆ, ಅದರ ಮುಚ್ಚಳದಲ್ಲಿ ಗಾಜು ಕೂರಿಸಿತ್ತು. ಅದು ನನಗೇ ಬೇಕು ಅನ್ನಿಸಿತು. ಸ್ಕೂಲಿನಿಂದ ಬಂದು ಅಜ್ಜಿಗೆ ಒಂದು ಪುಸ್ತಕ ಓದಿ, ಆಮೇಲೆ ನನಗಾಗಿ ಇನ್ನೊಂದು ಓದಿ, ಅಷ್ಟರಲ್ಲಿ ಕತ್ತಲಾದರೆ ದೀಪಕ್ಕೆ ಎಣ್ಣೆ ಎಲ್ಲಿಯದು? ಒಂದು ದಿನ ಅಪ್ಪನ ಪುಸ್ತಕವನ್ನು ಲಂಗದ ಮಡಿಲಲ್ಲಿ ಅಡಗಿಸಿಕೊಂಡು ಜಗಲಿಗೆ ಬಂದೆ. ಅಪ್ಪ ಐದು ಗಂಟೆಯ ಮೇಲೆಯೇ ಮನೆಗೆ ಬರುತ್ತಿದ್ದದ್ದು. ಅಮ್ಮ ಹಿತ್ತಲಿನಲ್ಲಿದ್ದಳು. ಅಜ್ಜಿಯ ಕೈಗೆ ಹಳೆಯದನ್ನು ಕೊಟ್ಟೆ. ಅವಳು ಕಣ್ಣಿಗೊತ್ತಿಕೊಂಡು ವಾಪಸು ಕೊಟ್ಟಳು. ಅದನ್ನು ಸದ್ದಾಗದಂತೆ ಪಕ್ಕಕ್ಕಿಟ್ಟು ಹೊಸದನ್ನು ತೊಡೆಯ ಮೇಲೆ ತೆರೆದೆ. ಒಂದೇ ಓದಿನಲ್ಲಿ ಎರಡು ಕೆಲಸವಾಯಿತಲ್ಲ ಎಂದು ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ. ಓದಿದ್ದು ಬೆಟ್ಟಗಳ ಕಡೆ ನೋಡಿ ಸಹಾಯ ಬೇಡುವ ಕೀರ್ತನೆ. ಅಜ್ಜಿಗೆ ಅದು ಎಲ್ಲಕ್ಕಿಂತ ಹೆಚ್ಚು ಎಂದು ನನಗೆ ಗೊತ್ತಿತ್ತು.

“ನಿಲ್ಸು. ಅಲ್ಲಿ ಹಂಗಿಲ್ಲ.”

“ಹಂಗೇ ಇದೆ ಅಜ್ಜಿ.”

“ಇಲ್ಲ ಕಣೇ, ಏನೋ ನುಂಗ್ಬಿಟ್ಟೆ. ಇನ್ನೊಂದ್ಸಲ ಓದು.”

ಇನ್ನೊಂದು ಸಲ ಅದನ್ನೇ ಓದಿದೆ. ಅಜ್ಜಿಯ ತುಟಿ ಮುಂದೆ ಓಡಿ ನಿಂತಿತು.

“ಪುಸ್ತಕದಲ್ಲಿ ಹಂಗೇ ಇದೆಯಾ?”

“ಹೂಂ. ಬೇಕಾದ್ರೆ ನೀನೇ ನೋಡು.”

ಕಣ್ಣು ಕಾಣದವಳಿಗೆ ಹೀಗೆ ಹೇಳಿದೆ. ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡೆನೇ? ಇಲ್ಲ. ಅವಳು ಸುಮ್ಮನಾದಳಲ್ಲ ಎಂದು ನಿರಾಳವಾಯಿತು. ಮರುದಿನವೂ ಹಾಗೇ ಮಾಡಿದೆ, ಅದರ ಮರುದಿನವೂ. ಮೊದಮೊದಲು ಅಜ್ಜಿ ಜಗಳವಾಡಿದಳು. ನಾನು ಓದಲು ಬಾರದವಳೆಂದಳು, ಈಗಿನ ಮೇಷ್ಟ್ರುಗಳು ಅಕ್ಷರವನ್ನೇ ಕಲಿಸುವುದಿಲ್ಲವೆಂದಳು. ಒಂದು ವಾರ ಕಳೆದ ಮೇಲೆ ಜಗಳ ನಿಂತಿತು. ಓದು ಮುಗಿದ ಮೇಲೂ ಏನನ್ನೋ ಎಣಿಸುವವಳಂತೆ ಬೆರಳು ಮಡಿಸುತ್ತಾ ಕೂತಿರುತ್ತಿದ್ದಳು. ಒಂದು ಸಂಜೆ ನನ್ನ ಕೈ ಹಿಡಿದುಕೊಂಡಳು.

“ಬಂಗಾರು, ಪುಸ್ತಕದ ಮೇಲೆ ಕೈ ಇಟ್ಟು ಹೇಳು. ನೀನು ಓದೋದು ಅದ್ರಲ್ಲಿ ಇದ್ದಂಗೇನಾ?”

ನನ್ನ ಕೈ ತೊಡೆಯ ಮೇಲಿದ್ದ ಹೊಸ ಪುಸ್ತಕದ ಮೇಲಿತ್ತು. ಅದರಲ್ಲಿ ಇದ್ದ ಹಾಗೆಯೇ ಓದಿದ್ದೆ. ಹಾಗಾಗಿ ಇದು ಸುಳ್ಳಲ್ಲ ಎಂದು ಮನಸ್ಸಿನಲ್ಲಿ ಲೆಕ್ಕ ಹಾಕಿಕೊಂಡು ಗಟ್ಟಿಯಾಗಿ ಹೇಳಿದೆ:

“ಇದ್ದಂಗೇ ಓದ್ತಿದೀನಿ ಅಜ್ಜಿ. ಆಣೆ.”

“ಹಂಗಾದ್ರೆ ನಂಗೇ ಮರ್ತೋಗಿದೆ” ಎಂದು ಅಜ್ಜಿ ಕೈ ಬಿಟ್ಟಳು.

ಆಮೇಲೆ ಏನಾಯಿತೋ ಅದನ್ನು ಮನೆಯಲ್ಲಿ ಎಲ್ಲರೂ ನೋಡಿದರು, ಕಾರಣ ಗೊತ್ತಿದ್ದದ್ದು ನನಗೊಬ್ಬಳಿಗೆ. ಅಜ್ಜಿ ಸಾರಿನ ಮುಂದೆ ನಿಂತು “ಉಪ್ಪು ಹಾಕಿದ್ನೇನೇ?” ಎಂದು ಅಮ್ಮನನ್ನು ಕೇಳತೊಡಗಿದಳು. ಹಾಕಿದ್ದೀರಿ ಅಂದರೂ ನಂಬದೆ ಬೆರಳದ್ದಿ ನೋಡುತ್ತಿದ್ದಳು. ಒಂದು ಬೆಳಿಗ್ಗೆ ಬಾವಿಗೆ ಹೊರಟವಳು ಹಿತ್ತಲಿನ ನಡುವೆ ನಿಂತುಬಿಟ್ಟಳು. ಎಷ್ಟು ಹೆಜ್ಜೆ ಬಂದೆ ಎಂಬುದು ಅವಳಿಗೆ ಅನುಮಾನವಾಗಿತ್ತು. ವಾಪಸು ಬಾಗಿಲಿಗೆ ಹೋಗಿ ಮತ್ತೆ ಎಣಿಸಿಕೊಂಡು ಬಂದಳು. ಅವತ್ತಿನಿಂದ ಬಾವಿಗೆ ಹೋಗುವಾಗ ಅವಳ ಎಡಗೈ ಗೋಡೆ ಸವರುತ್ತಿತ್ತು. ಅಮ್ಮ ಅಪ್ಪನ ಹತ್ತಿರ, “ಅತ್ತೆಗೆ ಯಾಕೋ ವಯಸ್ಸು ಒಂದೇ ಸಲ ಮೇಲೆ ಬಿದ್ದಂಗಿದೆ” ಎಂದಳು. ನಾನು ಅಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಹೇಳಬಹುದಿತ್ತು. ಸ್ಪರ್ಧೆಗೆ ಇನ್ನೂ ಹತ್ತು ದಿನವಿತ್ತು, ಅದು ಮುಗಿಯಲಿ, ಆಮೇಲೆ ಹಳೆಯದನ್ನೇ ಓದಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡೆ.

ಸ್ಪರ್ಧೆಯಲ್ಲಿ ನಾನೇ ಮೊದಲು ಬಂದೆ. ಹೊಲಿಗೆ ಪೆಟ್ಟಿಗೆಯನ್ನು ಅಜ್ಜಿಯ ಕೈಗೆ ಕೊಟ್ಟಾಗ ಅವಳು ಗಾಜಿನ ಮೇಲೆ ಬೆರಳಾಡಿಸಿ, “ಹೊಸ ಪುಸ್ತಕದ್ದನ್ನ ನನ್ ಮುಂದೆ ಹೇಳ್ಬೇಡ, ಆದ್ರೆ ಬಹುಮಾನ ಚೆನ್ನಾಗಿದೆ” ಎಂದು ನಕ್ಕಳು. ಮರುದಿನ ಜಗಲಿಯಲ್ಲಿ ನಾನು ನಿಜವಾಗಿಯೂ ಹಳೆಯ ಪುಸ್ತಕವನ್ನೇ ತೆರೆದೆ. ಬಾಯಿ ತೆರೆಯುವ ಮುಂಚೆ ಒಂದು ಭಯ ಹಿಡಿಯಿತು. ಇವತ್ತು ಹಳೆಯದನ್ನು ಓದಿದರೆ ಅಜ್ಜಿ ಕೇಳುವುದಿಲ್ಲವೇ, ನಿನ್ನೆಯವರೆಗೆ ಬೇರೆ ಇತ್ತಲ್ಲ ಎಂದು? ಆಣೆ ಹಾಕಿದ್ದೆನಲ್ಲ? ಪುಸ್ತಕ ಮುಚ್ಚಿ, ಬಾಯಿಗೆ ಬಂದಿದ್ದ ಹೊಸದನ್ನೇ ಒಪ್ಪಿಸಿದೆ. ಮೊದಲನೆಯ ತಪ್ಪು ಸೋಮಾರಿತನದ್ದು, ಮಗುವಿನದು ಎಂದು ಯಾರಾದರೂ ಬಿಡಬಹುದು. ಇದು ಹಾಗಲ್ಲ. ಇದನ್ನು ತಿಳಿದೇ ಮಾಡಿದೆ.

ಸುಗ್ಗಿಯ ಸ್ತೋತ್ರದ ಹಬ್ಬ ಬಂತು. ಸಭೆಯವರೆಲ್ಲ ರಾಗಿ, ಕುಂಬಳಕಾಯಿ, ಹುಂಜ, ಮೊಟ್ಟೆ ತಂದು ಚರ್ಚಿನ ಮುಂಭಾಗದಲ್ಲಿ ಇಡುತ್ತಿದ್ದರು. ಆರಾಧನೆಯ ಮೊದಲಿಗೆ ಅಜ್ಜಿ ಎದ್ದು ನಿಂತು ಬೆಟ್ಟಗಳ ಕೀರ್ತನೆಯನ್ನು ಬಾಯಿಪಾಠ ಹೇಳುವುದು ನಾನು ಹುಟ್ಟುವ ಮುಂಚಿನಿಂದ ನಡೆದುಬಂದ ಪದ್ಧತಿ. ತರ್ಜುಮೆಯ ಜಗಳ ಎಷ್ಟೇ ಇರಲಿ, ಅದೊಂದನ್ನು ಮಾತ್ರ ಪಾದ್ರಿಯವರು ಹಳೆಯದರಲ್ಲೇ ಬಿಟ್ಟಿದ್ದರು. ಅಜ್ಜಿ ಬಿಳಿ ಸೀರೆಯುಟ್ಟು, ಸೆರಗು ತಲೆಯ ಮೇಲೆ ಎಳೆದುಕೊಂಡು ಎದ್ದು ನಿಂತಳು. ಮೊದಲ ಮಾತು ಬಂತು, ಎರಡನೆಯದು ಬಂತು. ಆಮೇಲೆ ನಿಂತುಹೋಯಿತು. ಹುಂಜವೊಂದು ಕಾಲಿಗೆ ಕಟ್ಟಿದ ಹಗ್ಗ ಎಳೆಯುತ್ತಿದ್ದ ಸದ್ದು ಬಿಟ್ಟರೆ ಇನ್ನೇನೂ ಕೇಳಿಸಲಿಲ್ಲ.

ಆಗ ಗಂಡಸರ ಸಾಲಿನಿಂದ ಅಪ್ಪ ಎದ್ದ. ಹಳೆಯದು ತಪ್ಪು, ಹೊಸದೇ ಸರಿ ಎಂದು ಆರು ತಿಂಗಳಿಂದ ಅವಳೊಂದಿಗೆ ವಾದ ಮಾಡಿದ ಮನುಷ್ಯ. ಎದ್ದು ನಿಂತು, ಸಭೆಯೆಲ್ಲ ಕೇಳುವ ಹಾಗೆ, ಅವಳು ನಿಲ್ಲಿಸಿದ ಕಡೆಯಿಂದ ಮುಂದಿನ ಸಾಲನ್ನು ಹಳೆಯ ಪುಸ್ತಕದ ಮಾತುಗಳಲ್ಲೇ ಹೇಳಿಕೊಟ್ಟ. ಅವನು ಅದನ್ನು ಮಗುವಾಗಿದ್ದಾಗ ಅವಳ ಮಡಿಲಲ್ಲಿ ಕಲಿತಿದ್ದ.

“ಹೇಳವ್ವಾ. ಅದೇ ಮುಂದಿಂದು. ಹೇಳು.”

ಅಜ್ಜಿ ಅವನ ದನಿ ಬಂದ ಕಡೆಗೆ ತಿರುಗಿದಳು. ತಲೆಯಾಡಿಸಿದಳು. “ನಂಗೆ ಮರ್ತೋಗಿದೆ” ಎಂದು ಸಭೆಗೆ ಹೇಳಿ, ಕೈಯಿಂದ ಬೆಂಚು ಹುಡುಕಿ ಕೂತಳು. ಪಾದ್ರಿಯವರು ಬೇಗನೆ ಹಾಡು ಎತ್ತಿದರು.

ಮನೆಗೆ ಬಂದ ಮೇಲೆ ಅಪ್ಪ ಅಂಗಿಯನ್ನೂ ಬಿಚ್ಚದೆ ಅವಳ ಮುಂದೆ ನೆಲದ ಮೇಲೆ ಕೂತ.

“ನಂದೇ ತಪ್ಪವ್ವಾ. ಆ ಪುಸ್ತಕ ತಂದು ನಿನ್ನ ಮನಸ್ಸು ಕೆಡಿಸ್ಬಿಟ್ಟೆ. ನಾಳೆಯಿಂದ ಮನೇಲಿ ಹಳೇದನ್ನೇ ಓದ್ತೀನಿ, ಯಾರೇನಾದ್ರೂ ಅಂದ್ಕೊಳ್ಳಿ. ನೀನು ಮುಂದೆ ಕೂತ್ಕೋ.”

ಅಪ್ಪ ಒಂದು ಪುಟ ಓದಿದರೆ ನನ್ನ ಕಥೆ ಮುಗಿಯುತ್ತಿತ್ತು. ಅಜ್ಜಿ ಮಾತ್ರ ಅವನ ತಲೆ ಸವರಿ, “ಬ್ಯಾಡಪ್ಪ. ನಿಂಗೆ ಸರಿ ಅನ್ಸಿದ್ದನ್ನ ನೀನು ಓದು. ನಂದು ವಯಸ್ಸಾಯ್ತು” ಎಂದಳು. ಅಪ್ಪ ಹಿತ್ತಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆಯುತ್ತಿದ್ದ. ಅವನು ಆ ತಪ್ಪನ್ನು ತನ್ನದೆಂದೇ ಕೊನೆಯವರೆಗೂ ಹೊತ್ತುಕೊಂಡ. ನಾನು ಹೊರಲು ಬಿಟ್ಟೆ.

ಅವನಿಗೆ ಯಾಕೆ ಬೇಡವೆಂದಳೋ ಅದನ್ನು ಅಜ್ಜಿ ನನಗೆ ಮರುದಿನ ಜಗಲಿಯಲ್ಲಿ ಹೇಳಿದಳು.

“ನಿಮ್ಮಪ್ಪ ಚರ್ಚಲ್ಲಿ ಹೇಳ್ಕೊಟ್ನಲ್ಲ, ಅದೂ ತಪ್ಪು ಕಣೇ. ನಾನು ಹೆಂಗೆ ಹೇಳ್ತಿದ್ನೋ ಹಂಗೇ ಹೇಳ್ದ. ನಾನೇ ಕಲ್ಸಿದ್ದು ಅವನಿಗೆ. ಈಗ ಮರ್ತಿದ್ದಲ್ಲ ಇದು. ಮೊದಲ್ನಿಂದಾನೂ ತಪ್ಪೇ ಕಲ್ತಿದೀನಿ. ಕಣ್ಣಿದ್ದಾಗ್ಲೂ ಪುಸ್ತಕ ಸರಿಯಾಗಿ ನೋಡ್ದೆ ಬಾಯಿಗೆ ಬಂದಿದ್ದನ್ನೇ ದೇವರ ಮಾತು ಅಂದ್ಕೊಂಡು ಊರೆಲ್ಲ ಹಂಚ್ಕೊಂಡು ಬಂದಿದೀನಿ. ಅವನಿಗೆ ಹೇಳ್ಬೇಡ, ನೊಂದ್ಕೋತಾನೆ.”

ಆಮೇಲೆ ತನ್ನನ್ನು ಕ್ಯಾಲನೂರಿಗೆ ಕರೆದುಕೊಂಡು ಹೋಗೆಂದಳು. ಅಲ್ಲಿ ಅವಳು ಕಲಿಸಿದ ಹೆಂಗಸರಿದ್ದಾರೆ. ತಾನು ಸಾಯುವ ಮುಂಚೆ ಅವರಿಗೆ ಸರಿಯಾದದ್ದನ್ನು ತಲುಪಿಸಬೇಕು, ಇಲ್ಲದಿದ್ದರೆ ದೇವರ ಮುಂದೆ ಯಾವ ಬಾಯಿಟ್ಟುಕೊಂಡು ನಿಲ್ಲಲಿ ಎಂದಳು. ಹಳೇ ಗುರುತಿನವರನ್ನು ನೋಡಿಬರುತ್ತಾಳಂತೆ ಎಂದು ಅಪ್ಪನಿಗೆ ಹೇಳಿ, ಒಂದು ಶನಿವಾರ ಬೆಳಿಗ್ಗೆ ಇದ್ದಿಲು ಬಸ್ಸು ಹತ್ತಿದೆವು. ಬಟ್ಟೆ ಸುತ್ತಿದ ಹಳೆಯ ಪುಸ್ತಕವನ್ನು ಅಜ್ಜಿ ದಾರಿಯುದ್ದಕ್ಕೂ ಎದೆಗವಚಿಕೊಂಡು ಕೂತಿದ್ದಳು. ನಾನು ಕಿಟಕಿಯಿಂದ ಹೊರಗೆ ನೋಡುತ್ತಿದ್ದೆ.

ಮೊದಲು ಹೋದದ್ದು ಮುನಿವೆಂಕಟಮ್ಮನ ಮನೆಗೆ. ಎಮ್ಮೆ ಕಟ್ಟಿಕೊಂಡು ಹಾಲು ಮೊಸರು ಮಾರಿ ಬದುಕುತ್ತಿದ್ದ ಹೆಂಗಸು, ಅಜ್ಜಿಗಿಂತ ಹತ್ತು ವರ್ಷ ಚಿಕ್ಕವಳಿರಬಹುದು. ಪುಸ್ತಕದಮ್ಮ ಬಂದಳೆಂದು ತೆಲುಗಿನಲ್ಲಿ ಕೂಗುತ್ತಾ ಓಡಿಬಂದು ಅಜ್ಜಿಯ ಎರಡೂ ಕೈ ಹಿಡಿದು ಜಗಲಿಗೆ ಹತ್ತಿಸಿದಳು. ಅಜ್ಜಿ ಕೂರಲಿಲ್ಲ. ನಿಂತೇ ಹೇಳಿದಳು.

“ಮುನೆಂಕಟಮ್ಮ, ನಾನು ನಿಂಗೆ ತಪ್ಪು ಹೇಳ್ಕೊಟ್ಟಿದೀನಿ. ಬೆಟ್ಟದ ಕೀರ್ತನೆ ಕಲ್ಸಿದ್ನಲ್ಲ, ಅದು ಪುಸ್ತಕದಲ್ಲಿ ಹಂಗಿಲ್ಲ. ಇವಳು ನನ್ನ ಮೊಮ್ಮಗಳು, ಓದಿರೋಳು. ಇದ್ದಂಗೆ ಓದ್ತಾಳೆ, ಅದನ್ನ ಕಲ್ತ್ಕೋ. ನನ್ನ ಕ್ಷಮಿಸ್ಬಿಡು ತಾಯಿ.”

“ಅದ್ಯಾಕಮ್ಮ ಹಂಗಂತೀರ? ನಮ್ಮ ರಾಜಂಗೆ ಸಿಡುಬು ಬಂದು ಮೂರು ದಿನ ಕಣ್ಣು ಬಿಡ್ದೆ ಮಲಗಿದ್ನಲ್ಲ, ಆವಾಗ ನೀವು ಹೇಳ್ಕೊಟ್ಟಿದ್ದನ್ನೇ ಹೇಳ್ಕೊಂಡು ಪಕ್ಕದಲ್ಲಿ ಕೂತಿದ್ದೆ. ಎದ್ದು ಕೂತ. ಈಗ ಅವನಿಗೇ ಎರಡು ಮಕ್ಕಳು. ತಪ್ಪಾಗಿದ್ರೆ ಏಳ್ತಿದ್ನಾ?”

“ಅದು ನಿನ್ನ ನಂಬಿಕೆಗೆ ಎದ್ದ. ಮಾತು ತಪ್ಪೇ. ಓದು ಮಗಾ.”

ಪುಸ್ತಕ ಬಿಚ್ಚಿ ನನ್ನ ತೊಡೆಯ ಮೇಲಿಟ್ಟಳು. ಹೊಸದು ಮನೆಯಲ್ಲಿ ಅಪ್ಪನ ಮೇಜಿನ ಮೇಲಿತ್ತು. ಆ ಪುಟ ತೆಗೆದೆ. ಅಜ್ಜಿಯ ಮಾತುಗಳೆಲ್ಲ ಅಲ್ಲಿದ್ದವು. ಅವಳು ಚರ್ಚಿನಲ್ಲಿ ಹೇಳುತ್ತಿದ್ದ ಹಾಗೆ, ಅಪ್ಪ ಎದ್ದು ನಿಂತು ಹೇಳಿಕೊಟ್ಟ ಹಾಗೆ, ಅಕ್ಷರಕ್ಕೆ ಅಕ್ಷರ ಅಚ್ಚಾಗಿ ಕೂತಿದ್ದವು. ಮೂವತ್ತು ವರ್ಷದಲ್ಲಿ ಅವಳು ಒಂದು ಮಾತನ್ನೂ ಕೆಡಿಸಿರಲಿಲ್ಲ. ನಾನು ಅದನ್ನೇ ನೋಡುತ್ತಾ, ಬಹುಮಾನಕ್ಕಾಗಿ ಕಲಿತ ಇನ್ನೊಂದನ್ನು ಒಪ್ಪಿಸಿದೆ. ಬೆರಳನ್ನು ಸಾಲಿನ ಕೆಳಗೆ ಓಡಿಸುತ್ತಾ, ಓದುತ್ತಿರುವವಳ ಹಾಗೆ. ಮುನಿವೆಂಕಟಮ್ಮನಿಗೆ ಅಕ್ಷರ ಬಾರದು, ಆದರೂ ನನ್ನ ಬೆರಳನ್ನೇ ನೋಡುತ್ತಿದ್ದಳು. ಮುಗಿದ ಮೇಲೆ ನಮಗೆ ಮಜ್ಜಿಗೆ ತಂದುಕೊಟ್ಟು, “ಓದ್ದೋರು ನೀವು, ನೀವು ಹೇಳಿದ್ದೇ ಇರ್ಬೋದು. ನಂಗೆ ಮಾತ್ರ ಮೊದಲಿಂದೇ ಇರ್ಲಿ” ಎಂದಳು.

ಅವತ್ತು ಇನ್ನೂ ನಾಲ್ಕು ಮನೆ ಹತ್ತಿ ಇಳಿದೆವು. ಪ್ರತಿಯೊಂದು ಬಾಗಿಲಲ್ಲೂ ಅಜ್ಜಿ ನಿಂತು ಕ್ಷಮೆ ಕೇಳಿದಳು. ಒಂದು ಮನೆಯಲ್ಲಿ ಸೊಸೆಯಂದಿರು ಮುಖ ಮುಚ್ಚಿಕೊಂಡು ನಕ್ಕರು. ಇನ್ನೊಂದರಲ್ಲಿ ಒಬ್ಬ ಮುದುಕಿ, ಪಾಪ, ಹೊಸದನ್ನು ಕಲಿಯಲು ಅರ್ಧ ಗಂಟೆ ಒದ್ದಾಡಿದಳು. ಬಸ್ಸಿಗೆ ಕಾಯುತ್ತಾ ಹುಣಸೆಮರದ ಕೆಳಗೆ ಕೂತಾಗ ಅಜ್ಜಿಯ ಪಾದ ಊದಿಕೊಂಡಿತ್ತು. “ಮುಂದಿನ ವಾರ ವೇಮಗಲ್ಲಿಗೆ ಹೋಗಣ” ಎಂದಳು. ನನಗೆ ತಡೆಯಲಾಗದೆ ಅಳು ಬಂತು. ಯಾಕೆ ಅಂದಳು. ಕಾಲು ನೋವು ಎಂದೆ. ನನ್ನ ಕಾಲುಗಳನ್ನು ತನ್ನ ಮಡಿಲಿಗೆ ಎಳೆದುಕೊಂಡು ಬಸ್ಸು ಬರುವವರೆಗೂ ಒತ್ತಿದಳು.

ಆ ವಾರವಿಡೀ ನನಗೆ ಊಟ ಸೇರಲಿಲ್ಲ. ಅಮ್ಮ ದೃಷ್ಟಿಯಾಗಿದೆ ಎಂದಳು, ಕ್ರೈಸ್ತಳಾದರೂ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಶನಿವಾರ ವೇಮಗಲ್ಲಿಗೆ ಹೊರಡಲು ಅಜ್ಜಿಗೆ ಕಾಲು ಬರಲಿಲ್ಲ. ಅವತ್ತು ನಾಲ್ಕು ಗಂಟೆಗೆ ಪುಸ್ತಕ ಕಣ್ಣಿಗೊತ್ತಿಕೊಂಡು ನನಗೆ ಕೊಟ್ಟಾಗ ನಾನು ಅದನ್ನು ತೆರೆಯಲಿಲ್ಲ.

“ಅಜ್ಜಿ, ನೀನು ಮೊದಲು ಹೇಳ್ತಿದ್ದೆಯಲ್ಲ, ಅದೇ ಸರಿ. ಈ ಪುಸ್ತಕದಲ್ಲೂ ಹಂಗೇ ಇದೆ. ನಾನು ಇಷ್ಟು ದಿನ ಓದಿದ್ದು ಇದಲ್ಲ. ಅಪ್ಪನ ಪುಸ್ತಕ.”

ಅಜ್ಜಿ ನನ್ನ ಕೆನ್ನೆ ಹುಡುಕಿ ಮುಟ್ಟಿದಳು. ಒದ್ದೆಯಾಗಿತ್ತು.

“ಅಯ್ಯೋ ತಲ್ಲೀ. ಊರೂರು ಸುತ್ತಿ ಅಜ್ಜಿ ಕ್ಷಮೆ ಕೇಳೋದು ನೋಡಿ ಕರುಳು ಚುರುಕ್ ಅಂತಾ? ಅದಕ್ಕೇ ಹಿಂಗೆ ಹೇಳ್ತಿದೀಯಾ?”

“ಇಲ್ಲ ಅಜ್ಜಿ, ನಿಜ.”

“ಪುಸ್ತಕದ ಮೇಲೆ ಕೈ ಇಟ್ಟು ಆಣೆ ಮಾಡಿದ ಮಗು ನೀನು. ಆವಾಗ ಸುಳ್ಳು ಹೇಳಿದ್ಯಾ? ನೀನು ಅಂಥೋಳಲ್ಲ.”

“ಹೇಳಿದ್ದೆ.”

“ಹಂಗಾದ್ರೆ ಒಳಗೆ ನಿಮ್ಮಪ್ಪ ಇದಾನೆ. ಕರಿ. ಈ ಪುಸ್ತಕಾನ ಅವನ ಕೈಗೆ ಕೊಟ್ಟು ಓದ್ಸೋಣ.”

ಅವತ್ತು ಶನಿವಾರವಾದ್ದರಿಂದ ಅಪ್ಪ ಹಜಾರದಲ್ಲೇ ಕೂತು ನೋಟ್‌ಬುಕ್ಕು ತಿದ್ದುತ್ತಿದ್ದ. ಕಿಟಕಿ ತೆರೆದಿತ್ತು, ಅವನು ಪುಟ ತಿರುವುವ ಸದ್ದು ನನಗೆ ಕೇಳಿಸುತ್ತಿತ್ತು. ಅಪ್ಪಾ ಎಂದು ಒಂದು ಸಲ ಕೂಗಿದರೆ ಸಾಕಿತ್ತು. ಅವನು ಬಂದು ನಾಲ್ಕು ಸಾಲು ಓದಿದ್ದರೆ ಅಜ್ಜಿಗೆ ಅವಳ ಪುಸ್ತಕ ವಾಪಸು ಸಿಗುತ್ತಿತ್ತು. ಮೂವತ್ತು ವರ್ಷದ ಅವಳ ದುಡಿಮೆ, ಬಾವಿಯ ಹೆಜ್ಜೆಗಳು, ಎಲ್ಲವೂ. ಅಪ್ಪನ ಎದೆಯ ಮೇಲಿನ ಭಾರವೂ ಇಳಿಯುತ್ತಿತ್ತು. ನಾನು ಬೆತ್ತವನ್ನು ನೆನೆದೆ. ಹೊಲಿಗೆ ಪೆಟ್ಟಿಗೆಯನ್ನು ಎಲ್ಲರೆದುರು ವಾಪಸು ಕೊಡುವುದನ್ನು ನೆನೆದೆ. ಎಲ್ಲಕ್ಕಿಂತ ಹೆಚ್ಚಾಗಿ, ನಾನು ಏನು ಮಾಡಿದ್ದೇನೆಂದು ತಿಳಿದ ಕ್ಷಣದಲ್ಲಿ ಅಪ್ಪನ ಮುಖ ಹೇಗಾಗುತ್ತದೆಂದು ನೆನೆದೆ. ಕೂಗಲಿಲ್ಲ.

ನಾನು ಸುಮ್ಮನಿದ್ದಷ್ಟೂ ಅಜ್ಜಿಯ ಮುಖ ಮೆತ್ತಗಾಗುತ್ತಾ ಬಂತು.

“ನೋಡಿದ್ಯಾ? ಹೋಗ್ಲಿ ಬಿಡು. ನನ್ನ ಮೇಲಿನ ಪ್ರೀತಿಗೆ ಹೇಳ್ದೆ, ದೇವರಿಗೂ ಗೊತ್ತಾಗುತ್ತೆ. ಇನ್ಮೇಲೆ ಯಾರ ಪ್ರೀತಿಗೂ ಸುಳ್ಳು ಹೇಳ್ಬಾರ್ದು. ಕಣ್ಣೊರ‍್ಸಿಕೋ. ಸರಿಯಾದ್ದನ್ನ ಓದು, ನಾನು ಹಿಂದೆ ಹೇಳ್ತೀನಿ.”

ಅಜ್ಜಿ ಅದಾದ ಮೇಲೆ ನಾಲ್ಕು ವರ್ಷ ಇದ್ದಳು, ಅಪ್ಪ ಇನ್ನೂ ಇಪ್ಪತ್ತು ವರ್ಷ. ಹೇಳಲು ಸಮಯ ಸಿಗಲಿಲ್ಲ ಎಂದು ನಾನು ಹೇಳುವ ಹಾಗಿಲ್ಲ. ಆ ಸಂಜೆ ನಾನು ಕಣ್ಣೊರಸಿಕೊಂಡು, ಮುಚ್ಚಿದ ಪುಸ್ತಕದ ಮೇಲೆ ಕೈಯಿಟ್ಟು, ಹೊಸದನ್ನು ಮೊದಲಿನಿಂದ ಹೇಳತೊಡಗಿದೆ. ಅಜ್ಜಿ ಬೆನ್ನು ನೆಟ್ಟಗೆ ಮಾಡಿಕೊಂಡು, ಮೊದಲನೆಯ ತರಗತಿಯ ಮಗುವಿನಂತೆ, ಒಂದೊಂದೇ ಮಾತನ್ನು ನನ್ನ ಹಿಂದೆ ಹೇಳಿದಳು. ನಡುನಡುವೆ ಹಳೆಯದು ತಾನಾಗಿ ಬಾಯಿಗೆ ಬಂದುಬಿಡುತ್ತಿತ್ತು. ಆಗೆಲ್ಲ ಅವಳು ತಟ್ಟನೆ ನಿಲ್ಲಿಸಿ ನನ್ನ ಕಡೆ ತಿರುಗುತ್ತಿದ್ದಳು. ನಾನು ತಿದ್ದಿದೆ.